ಹದಿನಾಲ್ಕು ಮೆಟ್ಟಿಲಿನ ಮಹಾಪ್ರಬಂಧ

ಪ್ರಶ್ನೆ ಹಾಕಿಕೊಂಡು, ಹುಡುಕಾಡಿ, ಕಟ್ಟಡದ ರೂಪದಲ್ಲಿ ಉತ್ತರ ಕೊಡುವುದೇ ಸ್ನಾತಕೋತ್ತರ ಆರ್ಕಿಟೆಕ್ಚರ್ ಥೀಸಿಸ್ ಅನ್ನುತ್ತದೆ ಸಿಲಬಸ್. ನಡೆಯುವುದು ಉಲ್ಟಾ. ಮೊದಲು ರೆಂಡರ್, ಅಂದರೆ ಕಟ್ಟಡದ ಕಂಪ್ಯೂಟರ್ ಚಿತ್ರ, ಸಿದ್ಧ. ಆಮೇಲೆ ಅದಕ್ಕೊಂದು ಸೈಟ್, ಸೈಟಿಗೊಂದು ಸಮಸ್ಯೆ, ಸಮಸ್ಯೆಗೆ ಮೂರು ಕೇಸ್ ಸ್ಟಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಹಳೇ ಕತೆ; ಇಲ್ಲಿ ಕುಲಾವಿಯ ಅಳತೆಗೆ ಸರಿಯಾಗಿ ಕೂಸನ್ನೇ ಹುಡುಕಿ ತರುತ್ತಾರೆ.

ಮೊನ್ನೆ ಇಂಥ ಥೀಸಿಸ್ ಪರೀಕ್ಷಿಸುವ ಒಂದು ಜ್ಯೂರಿಯಲ್ಲಿ ಕೂತಿದ್ದೆ. ಒಬ್ಬ ವಿದ್ಯಾರ್ಥಿನಿಯ ಆರು ದೊಡ್ಡ ಎ-ಒನ್ ಶೀಟು. ಮೊದಲನೆಯದರಲ್ಲಿ ಇದ್ದಿಲಿನ ಒಂದೇ ಒಂದು ಗೀರು. ಅದು ಕಾನ್ಸೆಪ್ಟ್. 'ನೆನಪು, ಮರೆವುಗಳ ನಡುವಿನ ಹೊಸ್ತಿಲು' ಅಂತೆ. ಅಸಲಿಗೆ ಅದು ವೃದ್ಧರ ಆರೈಕೆ ಕೇಂದ್ರ ಅಂತ ಗೊತ್ತಾಗಲು ನಾಲ್ಕನೇ ಶೀಟಿನವರೆಗೆ ಕಾಯಬೇಕಾಯಿತು.

ನನ್ನ ಹಾಳು ಕಣ್ಣು, ಕಟ್ಟಡವನ್ನು ಸೀಳಿ ಒಳಗನ್ನು ತೋರಿಸುವ ಸೆಕ್ಷನ್ನಿನ ಮೂಲೆಯಲ್ಲಿದ್ದ ಮೆಟ್ಟಿಲ ಮೇಲೆ ಬಿತ್ತು. ಮಹಡಿಯ ಎತ್ತರ 3,600 ಮಿ.ಮೀ. ಮೆಟ್ಟಿಲು ಎಣಿಸಿದರೆ 14. ಒಂದೊಂದೂ 257 ಮಿ.ಮೀ.! 150ರ ಆಸುಪಾಸಿನಲ್ಲಿದ್ದರೆ ಮಂಡಿ ಉಳಿಯುತ್ತದೆ. ಆ ಲೆಕ್ಕಕ್ಕೆ 24 ಬೇಕು. ಲಿಫ್ಟ್ ನೆಲಮಹಡಿಯ ಪ್ಲಾನಿನಲ್ಲಿದೆ, ಮೇಲಿನದರಲ್ಲಿ ಮಾಯ.

"ಉಳಿದ ಹತ್ತು ಎಲ್ಲಿ ಹೋದುವಮ್ಮ?"

"ಸರ್, ಆರೋಹಣದ ಸಂಘರ್ಷ ಅನುಭವಕ್ಕೆ ಬರಲಿ ಅಂತ."

ಆಕೆಯ ಥೀಸಿಸ್ ಗೈಡ್ ಮಹಾಶಯರು ಗಂಟಲು ಸರಿಮಾಡಿಕೊಂಡರು. ಪ್ರಸಿದ್ಧ ವಾಸ್ತುಶಿಲ್ಪಿ ಜಹಾ ಹದೀದ್ ವಿದ್ಯಾರ್ಥಿಯಾಗಿದ್ದಾಗ ಥೇಮ್ಸ್ ಸೇತುವೆಯ ಮೇಲೆ ಹೋಟೆಲ್ ಚಿತ್ರಿಸಿರಲಿಲ್ಲವೇ, ಅದನ್ನು ಯಾರಾದರೂ ಕಟ್ಟಿದರೇ ಅಂದರು. ಕಟ್ಟಲಿಲ್ಲ, ನಿಜ. ಅವರ ಮೊದಲ ದೊಡ್ಡ ಕಟ್ಟಡ, ಜರ್ಮನಿಯ ವಿಟ್ರಾ ಪೀಠೋಪಕರಣ ಕಂಪನಿಯ ಅಗ್ನಿಶಾಮಕ ಠಾಣೆ, ಮುಗಿದದ್ದೇ 1993ರಲ್ಲಿ. ಆದರೆ ಹದೀದ್ ಹೆಸರು ಹೇಳಿ ಹತ್ತು ಮೆಟ್ಟಿಲು ನುಂಗುವ ವಿದ್ಯೆ ಅವರು ಕಲಿಸಿದ್ದಲ್ಲ.

ಪಕ್ಕದ ಪರೀಕ್ಷಕರು ಇನ್ನೂ ಆಳಕ್ಕಿಳಿದರು: "ಈ ಗೋಡೆ ಏನಾಗಲು ಹಂಬಲಿಸುತ್ತಿದೆ?" ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಒಮ್ಮೆ ಇಟ್ಟಿಗೆಯನ್ನು ಮಾತಾಡಿಸಿದ್ದರು, ಅದು ಕಮಾನು ಬೇಕೆಂದಿತಂತೆ. ಅಂದಿನಿಂದ ಜ್ಯೂರಿಗಳಲ್ಲಿ ಗೋಡೆ, ಗಾಳಿ, ನೆರಳು ಎಲ್ಲಕ್ಕೂ ಯೋಗಕ್ಷೇಮ ವಿಚಾರಣೆ ಆಗುತ್ತದೆ; ಒಳಗೆ ಇರಬೇಕಾದ ಮುದುಕರದ್ದು ಮಾತ್ರ ಆಗುವುದಿಲ್ಲ. ಹುಡುಗಿಯನ್ನು ಬೈದು ಫಲವೇನು? ಎರಡು ರಾತ್ರಿ ನಿದ್ದೆಗೆಟ್ಟು ನಮಗೆ ಬೇಕಾದ ಭಾಷೆಯನ್ನೇ ಕಲಿತು ಬಂದಿದ್ದಳು. ನಾನೂ ಸಹಿ ಹಾಕಿದೆ, ಎ ಗ್ರೇಡ್.

ಹೊರಡುವಾಗ ಆ ರೆಂಡರನ್ನು ಇನ್ನೊಮ್ಮೆ ನೋಡಿದೆ. ಸಂಜೆ ಬಿಸಿಲು, ಹಾರುವ ಹಕ್ಕಿ, ಮೇಲಿನ ಮಹಡಿಯ ಕಟಕಟೆಗೆ ಒರಗಿ ನಗುತ್ತಿರುವ ಅಜ್ಜ. ಕೈಯಲ್ಲಿ ವಾಕರ್.