ಹೊಟ್ಟೆಯೊಳಗಿನ ಗ್ರೀಕ್

ಏಕಾದಶಿಯ ದಿನವೇ ಆಫೀಸಿನಲ್ಲಿ ಎರಡು ಗಂಟೆಯ ಮೀಟಿಂಗ್. ಬೆಳಿಗ್ಗೆಯಿಂದ ಒಂದು ಲೋಟ ಮಜ್ಜಿಗೆ, ಎರಡು ಏಲಕ್ಕಿ ಬಾಳೆಹಣ್ಣು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮ್ಯಾನೇಜರ್ ಕೊನೆಯ ಸ್ಲೈಡ್ ಮುಗಿಸಿ, "ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ?" ಅಂದರು. ಎಲ್ಲರೂ ಗಪ್‌ಚುಪ್. ಆಗ ನನ್ನ ಹೊಟ್ಟೆ ಕೇಳಿತು. "ಗುರ್ರ್... ಗುಳುಗುಳುಗುಳು... ಗುಂಯ್?" ಕೊನೆಗೆ ಸ್ವಲ್ಪ ರಾಗ ಎಳೆದಿದ್ದರಿಂದ ಥೇಟ್ ಪ್ರಶ್ನೆಯ ಹಾಗೇ ಇತ್ತು.

"ಹಾಂ, ಹೇಳಿ," ಅಂದರು ಮ್ಯಾನೇಜರ್, ನನ್ನ ಕಡೆ ತಿರುಗಿ.

ಸಂಜೆ ಉಪ್ಪಿಟ್ಟು ತಿನ್ನುತ್ತಾ ಹುಡುಕಿದೆ. ಈ ಸದ್ದಿಗೆ ಇಂಗ್ಲಿಷಿನಲ್ಲಿ 'ಬೋರ್ಬರಿಗ್ಮಸ್' ಅಂತಾರೆ. ಮೂಲ ಗ್ರೀಕಿನ 'ಬೊರ್ಬೊರುಗ್ಮೋಸ್'. ಏನೋ ಗಹನವಾದ ಅರ್ಥ ಇರಬಹುದು ಅಂದುಕೊಂಡರೆ ಸುಮ್ನೆ ಸದ್ದು ಅಷ್ಟೇ! ಹೊಟ್ಟೆ ಬೊರ್‌ಬೊರ್ ಅಂದಿತು, ಗ್ರೀಕರು ಅದನ್ನೇ ಪದ ಮಾಡಿಕೊಂಡರು. ನಮ್ಮ ಗುಡುಗುಡು, ಗುಳುಗುಳು ಕೂಡ ಇದೇ ಜಾತಿ. ನಮ್ಮದು ಅಡುಗೆಮನೆಯಲ್ಲೇ ಉಳಿಯಿತು, ಅವರದ್ದು ಲ್ಯಾಟಿನ್ ಬಾಲ ಹಚ್ಚಿಕೊಂಡು ಡಾಕ್ಟರ ಪುಸ್ತಕ ಸೇರಿತು. ಬಹುವಚನವೂ ಇದೆ, ಬೋರ್ಬರಿಗ್ಮೈ. ಹೊಟ್ಟೆಗೂ ಮರ್ಯಾದೆ ಕೊಟ್ಟು ಮಾತಾಡಬಹುದು.

ಗ್ರೀಕರಿಗೆ ಈ ಚಾಳಿ ಮೊದಲಿನಿಂದಲೂ ಇತ್ತು. ತಮ್ಮ ಭಾಷೆ ಬಾರದವರ ಮಾತು 'ಬರ್ ಬರ್' ಅಂತ ಕೇಳಿಸಿ ಅವರನ್ನು 'ಬಾರ್ಬರೋಸ್' ಅಂದರು. ಸಂಸ್ಕೃತದಲ್ಲೂ ಹೊರಗಿನವರು 'ಬರ್ಬರ'ರೇ. ಪೇಪರಿನವರು ಇವತ್ತಿಗೂ 'ಬರ್ಬರ ಕೊಲೆ' ಅಂತ ಬರೀತಾರಲ್ಲ, ಅದೇ ಪದ.

ಇನ್ನು ಸದ್ದಿನ ಕಾರಣ. ಹೊಟ್ಟೆ ಖಾಲಿ ಇದ್ದಾಗ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಜಠರ, ಸಣ್ಣ ಕರುಳು ಹಿಂಡಿಕೊಂಡು ಉಳಿದ ಚೂರುಪಾರನ್ನೆಲ್ಲ ಮುಂದಕ್ಕೆ ಗುಡಿಸುತ್ತವೆ. ಒಳಗಿನ ಗಾಳಿ, ನೀರು ಆ ಕಸದ ಜೊತೆ ಹೊರಟಾಗ ಈ ಗಲಾಟೆ. ಅನ್ನ ಇದ್ದರೆ ಸದ್ದು ಅಡಗುತ್ತದೆ. ತುಂಬಿದ ಕೊಡದ ಗಾದೆ ಸುಳ್ಳಲ್ಲ. ಮೀಟಿಂಗ್ ಎರಡು ಗಂಟೆ, ಕಸ ಗುಡಿಸೋದೂ ಎರಡು ಗಂಟೆಗೊಮ್ಮೆ. ತಪ್ಪು ನನ್ನದಾ?

ಮಾರನೇ ದಿನ ಮತ್ತೆ ಸದ್ದಾಯಿತು. ಈ ಸಲ ಪಕ್ಕದವರಿಗೆ ಗತ್ತಿನಿಂದ, "ಸಾರಿ, ಬೋರ್ಬರಿಗ್ಮಸ್" ಅಂದೆ. ಅವರು ಕುರ್ಚಿ ಎರಡಡಿ ಹಿಂದೆ ಎಳೆದು ಸ್ಯಾನಿಟೈಸರ್ ಹುಡುಕಿದರು. "ಎಷ್ಟು ದಿನದಿಂದ ಇದೆ?"

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅಮ್ಮನಿಗೆ ಕಿವಿ ಸ್ವಲ್ಪ ಮಂದ.

"ಬೋರ್ ಹಾಕಿಸಿದ್ರಾ? ಒಳ್ಳೇದಾಯ್ತು. ಎಷ್ಟು ಅಡಿಗೆ ನೀರು ಬಂತೋ?"