ದಯವಿಟ್ಟು ಹಣ್ಣು ಮುಟ್ಟಬೇಡಿ

ನಮ್ಮ ಬೀದಿಯ ಹಣ್ಣಿನ ಅಂಗಡಿಯಲ್ಲಿ ಹೊಸ ಬೋರ್ಡು ಬಂದಿದೆ. 'ದಯವಿಟ್ಟು ಹಣ್ಣು ಮುಟ್ಟಬೇಡಿ.' ಸೇಬಿನ ಮಟ್ಟಿಗೆ ಈ ಮಾತು ಸರಿ. ಅದನ್ನು ಮುಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮೈಗೆ ಮೇಣ ಬಳಿಸಿಕೊಂಡು ವರ್ಷವಿಡೀ ಒಂದೇ ಮುಖ ಇಟ್ಟುಕೊಂಡು ಕೂತಿರುತ್ತದೆ. ಆದರೆ ಬೋರ್ಡು ತೂಗುಹಾಕಿದ್ದು ಸೀತಾಫಲದ ಬುಟ್ಟಿಯ ಮೇಲೆ! ಮುಟ್ಟದೆ ಸೀತಾಫಲ ಕೊಳ್ಳುವುದು ಹೇಗಪ್ಪಾ ಎಂದು ಅಂಗಡಿಯ ಹುಡುಗನನ್ನು ಕೇಳಿದೆ. "ಎಲ್ಲಾ ಚೆನ್ನಾಗಿದೆ ಅಂಕಲ್, ನಾನೇ ಹಾಕ್ಕೊಡ್ತೀನಿ" ಎಂದ. ಹಾಕಿಕೊಟ್ಟ. ಮನೆಗೆ ಬಂದು ಬಿಡಿಸಿದರೆ ಅರ್ಧ ಹಸಿಗಾಯಿ, ಉಳಿದದ್ದು ಕೊಳೆತದ್ದು. ಹಣ್ಣು ಅನ್ನಬಹುದಾದದ್ದು ಒಂದೂ ಇರಲಿಲ್ಲ.

ಇಷ್ಟು ಸಿಟ್ಟು ಯಾಕೆಂದರೆ, ನನ್ನ ಪಾಲಿಗೆ ಶರತ್ಕಾಲ ಬರುವುದೇ ಈ ಬುಟ್ಟಿಯಲ್ಲಿ. ಆಶ್ವಯುಜ, ಕಾರ್ತಿಕ ಎಂದು ಪಂಚಾಂಗದಲ್ಲಿ ಬರೆದಿರುತ್ತದೆ, ನಿಜ. ಆದರೆ ಅದನ್ನು ನೆಚ್ಚಿಕೊಳ್ಳುವುದು ಕಷ್ಟ. 2023ರಲ್ಲಿ ಅಧಿಕ ಶ್ರಾವಣ ಬಂದು ವಿಜಯದಶಮಿ ಅಕ್ಟೋಬರ್ 24ಕ್ಕೆ ಹೋಯಿತು. 2025ರಲ್ಲಿ ಗಾಂಧಿ ಜಯಂತಿಯ ದಿನವೇ ಬಂದು ಒಂದು ರಜೆ ನುಂಗಿ ಹಾಕಿತು. ಸೀತಾಫಲಕ್ಕೆ ಅಧಿಕಮಾಸದ ಗೊಡವೆ ಇಲ್ಲ. ಮುಂಗಾರು ಶುರುವಾಗುವ ಹೊತ್ತಿಗೆ ಹೂ ಬಿಟ್ಟು, ನಾಲ್ಕು ತಿಂಗಳು ಸುಮ್ಮನಿದ್ದು, ಹಸ್ತ ಮಳೆ, ಚಿತ್ತೆ ಮಳೆ ಬರುವಾಗ ತಳ್ಳುಗಾಡಿ ಏರುತ್ತದೆ.

ಶರತ್ಕಾಲ ಅಂದರೆ ತಿಳಿಯಾದ ಆಕಾಶ ಅಂತಾರೆ. ಬೆಂಗಳೂರಿನಲ್ಲಿ ಯಾರೂ ಇದನ್ನು ನಂಬಿ ಬಟ್ಟೆ ಒಣಹಾಕಬೇಡಿ. ಅಕ್ಟೋಬರ್ ನಡುವಿಗೆ ಮುಂಗಾರು ಗಂಟುಮೂಟೆ ಕಟ್ಟುತ್ತದೆ, ಅದರ ಬೆನ್ನಿಗೇ ಹಿಂಗಾರು ಬಾಗಿಲು ತಟ್ಟುತ್ತದೆ. ನಡುವೆ ಸಿಕ್ಕ ನಾಲ್ಕು ಬಿಸಿಲಿನ ದಿನವೇ ನಮ್ಮ ಪಾಲಿನ ಶರತ್ಕಾಲ. ಆಗ ಊರಿಗೆ ಹೊರಟರೆ ರಾಗಿ ಹೊಲದ ಸಾಲುಗಳ ನಡುವೆ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತದೆ. ಎಲೆ ಉದುರುವುದೆಲ್ಲ ಸಂಕ್ರಾಂತಿ, ಶಿವರಾತ್ರಿ ಕಡೆಯ ಮಾತು. ಆದರೂ ನಮ್ಮ ಆಫೀಸಿನವರು ಅಕ್ಟೋಬರ್ ಬಂದರೆ ಕಿತ್ತಳೆ ಬಣ್ಣದ ಕಾಗದದ ಎಲೆ ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ. ಅಂಟಿಸಲಿ ಬಿಡಿ.

ಈ ಕಾಲ ಬಂದರೆ ನನಗೇಕೆ ಇಷ್ಟು ಖುಷಿ ಎನ್ನುವುದಕ್ಕೆ ಒಂದು ಕಾರಣ ಹೊಳೆದಿದೆ. ಹೇಳುತ್ತೇನೆ. ಮೊದಲು ನಮ್ಮ ದೊಡ್ಡಪ್ಪನ ವಿಷಯ ಹೇಳಿಬಿಡಬೇಕು.

ದೊಡ್ಡಪ್ಪನ ಊರು ಚಿತ್ರದುರ್ಗದ ಕಡೆ. ಊರ ಹಿಂದೆ ಕಲ್ಲುಗುಡ್ಡ. ಗುಡ್ಡದ ತುಂಬ ಸೀತಾಫಲದ ಗಿಡ. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಮೇಕೆ ಕೂಡ ಅದರ ಸೊಪ್ಪಿಗೆ ಬಾಯಿ ಹಾಕುವುದಿಲ್ಲ, ಹಾಗಾಗಿ ಉಳಿದುಕೊಂಡಿದೆ. ಕಾಯಿಯ ಕಣ್ಣುಗಳ ನಡುವೆ ಬಿಳಿ ಗೆರೆ ಮೂಡಿತೆಂದರೆ ದೊಡ್ಡಪ್ಪ ಗೋಣಿಚೀಲ ಹಿಡಿದು ಗುಡ್ಡ ಹತ್ತುತ್ತಿದ್ದರು. ತಂದ ಕಾಯನ್ನು ಒಳಕೋಣೆಯ ಗುಡಾಣದಲ್ಲಿ ಹುಲ್ಲು ಹಾಸಿ ಅಡೆ ಹಾಕುವುದು. ಅಲ್ಲಿಂದ ಮುಂದೆ ಆ ಕೋಣೆಗೆ ನಮಗೆ ಪ್ರವೇಶವಿಲ್ಲ. ಬೆಳಗಾಗೆದ್ದು ಮುಖ ತೊಳೆಯುವ ಮೊದಲೇ ಬ್ಯಾಟರಿ ಹಿಡಿದು ಅವರು ಒಳಗೆ ಹೋಗುವರು. ಒಂದೊಂದೇ ಕಾಯಿ ತೆಗೆದು ತೊಟ್ಟಿನ ಪಕ್ಕ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತುವರು. ಕೂಸಿನ ನೆತ್ತಿ ಮುಟ್ಟಿದಷ್ಟು ಮೆಲ್ಲಗೆ. ಇವತ್ತಿನದು ಈ ಕಡೆ, ನಾಳೆಯದು ಆ ಕಡೆ, ನಾಡಿದ್ದಿನದು ಗುಡಾಣದ ತಳಕ್ಕೆ. ನಾಳೆಯ ಹಣ್ಣನ್ನು ಇವತ್ತು ಕದ್ದು ತಿಂದರೆ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಕೊಟ್ಟಿಗೆಯ ಹಿಂದೆ ಹೋಗಿ ಬೀಜ ಹುಡುಕುವರು.

ಒಂದು ವರ್ಷ ಚಿತ್ತೆ ಮಳೆಯಲ್ಲಿ, ಅಕ್ಕನ ಲಗ್ನ ಗೊತ್ತುಮಾಡಲು ಬೀಗರಾಗುವವರು ಬಂದರು. ಗಂಡಿನ ಅಪ್ಪ, ಜೊತೆಗೆ ಒಬ್ಬ ಸೋದರಮಾವ. ಮಾತುಕತೆ ಮಧ್ಯಾಹ್ನಕ್ಕೇ ಮುಗಿಯಿತು. ಊಟವೂ ಆಯಿತು. ಬೀಗರು ಟವೆಲ್ ಹೆಗಲಿಗೆ ಹಾಕಿ ಎದ್ದರು. ದೊಡ್ಡಪ್ಪ ಬಿಡಲಿಲ್ಲ. "ಹಣ್ಣು ತಿನ್ನದೆ ಹೋಗೋದುಂಟೇ? ನಾಳೆ ಬೆಳಗ್ಗೆ ಹೊತ್ತಿಗೆ ಕಣ್ಣು ಬಿಟ್ಟಿರ್ತಾವೆ, ಕೂತ್ಕಳ್ಳಿ" ಎಂದರು. ಹೆಣ್ಣಿನವರ ಉಪಚಾರ, ಬೀಗರು ಕೂತರು. ಬೆಳಗಾಯಿತು, ಹಣ್ಣಾಗಿರಲಿಲ್ಲ. ಮೋಡ ಕವಿದು ಥಂಡಿ ಜಾಸ್ತಿಯಾಗಿತ್ತು, ಕಾಯಿ ಹಟ ಹಿಡಿದಿದ್ದವು. ದೊಡ್ಡಪ್ಪ ಗುಡಾಣದ ಬಾಯಿಗೆ ಕಂಬಳಿ ಹೊದಿಸಿದರು. ಅದು ಬೀಗರಿಗೆಂದು ಹಾಸಿಟ್ಟಿದ್ದ ಕಂಬಳಿ. ಅವತ್ತು ರಾತ್ರಿ ಬಿದ್ದ ಮಳೆಗೆ ಹಳ್ಳ ತುಂಬಿ ಬಸ್ಸು ನಿಂತಿತು. ಸೋದರಮಾವನಿಗೆ ಶೇಂಗಾ ಕೀಳಿಸುವ ಕೆಲಸ ಬಾಕಿ ಇತ್ತು. ಜಗಲಿಯ ಮೇಲೆ ಕೂತು ಆಕಾಶ ನೋಡುತ್ತಾ ಗೊಣಗುತ್ತಿದ್ದರು. ದೊಡ್ಡಮ್ಮ ಗಳಿಗೆಗೊಮ್ಮೆ ಕಾಫಿ ಕೊಟ್ಟು ಕೊಟ್ಟು ಮನೆಯ ಬೆಲ್ಲ ಖಾಲಿಯಾಯಿತು. "ಹಣ್ಣಿನ ಮನೆ ಹಾಳಾಗ, ಅವರನ್ನ ಕಳಿಸ್ರೀ" ಎಂದರೆ, "ಹಸಿಗಾಯಿ ತಿನ್ಸಿ ಕಳಿಸ್ಲಾ?" ಎಂದು ದೊಡ್ಡಪ್ಪ ಅವರ ಮೇಲೇ ರೇಗಿದರು.

ಕೊನೆಗೂ ಒಂದು ಬೆಳಗ್ಗೆ ಬಿಸಿಲು ಬಂತು. ಸಾಯಂಕಾಲದ ಹೊತ್ತಿಗೆ ಗುಡಾಣದೊಳಗಿನ ಅಷ್ಟೂ ಕಾಯಿ ಒಟ್ಟಿಗೇ ಹಣ್ಣಾದವು. ಸೀತಾಫಲದ ಹಣೆಬರಹವೇ ಅದು, ಇವತ್ತು ತಿನ್ನದಿದ್ದರೆ ನಾಳೆಗಿಲ್ಲ. ಮನೆಯವರು, ಅಕ್ಕಪಕ್ಕದವರು, ಬೀಗರು, ಎಲ್ಲರೂ ಅಂಗಳದಲ್ಲಿ ಸಾಲಾಗಿ ಕೂತು ತಿಂದರು. ಯಾರೂ ಮಾತಾಡಲಿಲ್ಲ. ಬಾಯಲ್ಲಿ ಬೀಜ ಇಟ್ಟುಕೊಂಡು ಮಾತಾಡಲು ಆಗುವುದಿಲ್ಲ ನೋಡಿ. ಮರುದಿನ ಬೀಗರು ಸೀನುತ್ತಾ ಬಸ್ಸು ಹತ್ತಿದರು. ಮದುವೆಯೇನೋ ನಡೆಯಿತು. ಆದರೆ ಗಂಡಿನ ಕಡೆಯವರು ಇವತ್ತಿಗೂ "ಅವರ ಮನೆಗೆ ಹೋದ್ರೆ ನೆಗಡಿ ಗ್ಯಾರಂಟಿ" ಅಂತಾರೆ.

ಅಂಥವರ ಮನೆಯಲ್ಲಿ ಬೆಳೆದವನಿಗೆ ಮುಟ್ಟಬೇಡಿ ಅಂದರೆ ಹೇಗೆ? ಆ್ಯಪ್‌ನಲ್ಲಿ ತರಿಸಿದರೆ ಇನ್ನೂ ಮೋಸ. ಅಲ್ಲಿ ಆರಿಸುವವನ ಹೆಬ್ಬೆರಳು ಹೇಗಿದೆಯೋ ಏನೋ. ಮೊದಲು ಗುಡ್ಡೆ ಲೆಕ್ಕದಲ್ಲಿ ಮಾರುತ್ತಿದ್ದರು, ಈಗ ಕೆಜಿ ಲೆಕ್ಕ. ಅರ್ಧ ದುಡ್ಡು ಸಿಪ್ಪೆಗೆ, ಬೀಜಕ್ಕೆ ಹೋಗುತ್ತದೆ. ಇನ್ನು ಚಮಚದಲ್ಲಿ ತಿನ್ನುವವರು. ಅವರ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ. ಸಿಪ್ಪೆಯ ಒಳಮೈಗೆ ಅಂಟಿಕೊಂಡ ತಿರುಳು ಸಕ್ಕರೆ ಬೆರೆಸಿದ ಹಾಗೆ ಮರಳು ಮರಳಾಗಿರುತ್ತದಲ್ಲ, ಅದನ್ನು ಹಲ್ಲಿನಲ್ಲೇ ಕೆರೆದು ತಿನ್ನಬೇಕು. ಚಮಚದವರು ಅದನ್ನು ಕಸಕ್ಕೆ ಹಾಕುತ್ತಾರೆ. ಯುಗಾದಿ ಹೊತ್ತಿಗೂ ಸೀತಾಫಲದ ಐಸ್‌ಕ್ರೀಮ್ ಚಪ್ಪರಿಸುವವರು ಬೇರೆ. ಅದೇನು ಅವಸರವೋ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 'ಅರ್ಕಾ ಸಹನ್' ಎಂಬ ತಳಿ ಮಾಡಿದ್ದಾರೆ. ಬೀಜ ಕಡಿಮೆ, ತಿರುಳು ಜಾಸ್ತಿ, ನಿಧಾನಕ್ಕೆ ಹಣ್ಣಾಗುತ್ತದೆ. ರೈತರಿಗೆ ಒಳ್ಳೆಯದೇ. ಆದರೆ ಬೀಜವೇ ಕಡಿಮೆಯಾದರೆ ನಾಲಗೆಗೆ ಕೆಲಸವೇನು? ಮೊನ್ನೆ ಆಫೀಸಿನಲ್ಲಿ ಒಬ್ಬರು, "ಇದು ನಮ್ಮ ಹಣ್ಣೇ ಅಲ್ಲ ಸಾರ್, ಅಮೆರಿಕಾ ಕಡೆಯದು, ಪೋರ್ಚುಗೀಸರು ತಂದಿದ್ದು" ಎಂದರು. ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ಹೇಳಿದರು. ಅದೂ ಅದೇ ಹಡಗಿನ ಸಾಮಾನು. ಪುರಾತತ್ವದ ಕನ್ನಿಂಗ್‌ಹ್ಯಾಮ್ ಸಾಹೇಬರು, ಪೋರ್ಚುಗೀಸರಿಗಿಂತ ಎಷ್ಟೋ ಹಿಂದಿನ ಭಾರ್ಹುತ್ ಬೌದ್ಧ ಸ್ತೂಪದ ಕೆತ್ತನೆಯಲ್ಲೇ ಸೀತಾಫಲ ಇದೆ ಎಂದು ವಾದಿಸಿದ್ದರಂತೆ. ಸಸ್ಯಶಾಸ್ತ್ರದವರು ಹೆಚ್ಚಿನವರು ಒಪ್ಪಲಿಲ್ಲ. ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆ.

ಖುಷಿಗೆ ಕಾರಣ ಹೇಳುತ್ತೇನೆ ಅಂದಿದ್ದೆ, ಅಲ್ವಾ? ಬರೆಯಲು ಕೂತಾಗ ಅದು ಬಾಯಿತುದಿಯಲ್ಲೇ ಇತ್ತು. ಈ ಹಣ್ಣು ತಿನ್ನುವಾಗ ಎರಡೂ ಕೈ ಅಂಟಾಗಿ ಮೊಬೈಲು ಮುಟ್ಟಲಾಗುವುದಿಲ್ಲ, ಆ ಮಾತಿಗೆ ಏನೋ ಸಂಬಂಧವಿತ್ತು. ಅಷ್ಟರಲ್ಲಿ ಅಕ್ಕಿ ಡಬ್ಬದಲ್ಲಿ ಇಟ್ಟದ್ದು ಹಣ್ಣಾಗಿದೆ ಎಂದು ಮನೆಯವಳು ಕೂಗಿದಳು. ಇದು ಮಾರ್ಕೆಟ್ಟಿಗೆ ಹೋಗಿ, ಬೈಸಿಕೊಂಡರೂ ಪರವಾಗಿಲ್ಲವೆಂದು ನಾನೇ ಒತ್ತಿ ಆರಿಸಿ ತಂದದ್ದು. ನನಗೆ ಶುಗರ್ ಇರುವುದರಿಂದ ಡಾಕ್ಟರು ದಿನಕ್ಕೆ ಅರ್ಧ ಹಣ್ಣು ಅಂದಿದ್ದಾರೆ. ಬಾಯಿ ಬಿಟ್ಟ ಸೀತಾಫಲದಲ್ಲಿ ಅರ್ಧ ಯಾವುದು, ಉಳಿದರ್ಧವನ್ನು ನಾಳೆವರೆಗೆ ಎಲ್ಲಿ ಇಡುವುದು ಎಂದು ಅವರು ಹೇಳಿಲ್ಲ. ನಾನೂ ಕೇಳಿಲ್ಲ.