ಸತ್ಯಾಂಶ: ಚಾರ್ಟ್ ಬಾಯಿಪಾಠ ಮಾಡಿದರೆ ಬ್ಲ್ಯಾಕ್‌ಜಾಕ್‌ನಲ್ಲಿ ಗೆಲುವು ಖಚಿತವೇ?

‘ಈ ಚಾರ್ಟ್ ಬಾಯಿಪಾಠ ಮಾಡಿ, ಬ್ಲ್ಯಾಕ್‌ಜಾಕ್‌ನಲ್ಲಿ ಗೆಲುವು ಖಚಿತ’ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಬ್ಲ್ಯಾಕ್‌ಜಾಕ್ ಎಂದರೆ ಎಲೆಗಳ ಮೊತ್ತ 21 ದಾಟದಂತೆ ನೋಡಿಕೊಂಡು, ಕ್ಯಾಸಿನೊ ಪರವಾಗಿ ಆಡುವ ಡೀಲರ್‌ನ ಮೊತ್ತವನ್ನು ಮೀರಿಸುವ ಇಸ್ಪೀಟ್ ಆಟ. ಚಾರ್ಟ್ ಬಹುಮಟ್ಟಿಗೆ ಸರಿಯೇ. ಜೊತೆಗಿರುವ ಭರವಸೆ ಸುಳ್ಳು. ಸಾಲ ಮಾಡಿ ಆಡಲು ಹೊರಟವರು ಇದನ್ನು ನಂಬಿಬಿಟ್ಟಾರೆಂಬ ಆತಂಕದಿಂದ ಇಷ್ಟು ಬರೆಯುತ್ತಿದ್ದೇನೆ.

ಚಾರ್ಟ್‌ನಲ್ಲಿರುವ, ‘ಮೂಲ ತಂತ್ರ’ ಎನ್ನುವ ಈ ಲೆಕ್ಕವನ್ನು 1956ರಲ್ಲಿ ಅಮೆರಿಕದ ಸೇನೆಯಲ್ಲಿದ್ದ ನಾಲ್ವರು ಪ್ರಕಟಿಸಿದರು. ನಿಮ್ಮ ಎಲೆಗಳನ್ನೂ ಡೀಲರ್‌ನ ತೆರೆದ ಎಲೆಯನ್ನೂ ನೋಡಿ, ಯಾವ ನಡೆ ಹೆಚ್ಚು ಲಾಭದ್ದು ಅಥವಾ ಕಡಿಮೆ ನಷ್ಟದ್ದು ಎಂದು ಅದು ತಿಳಿಸುತ್ತದೆ. ನಿಮ್ಮ ಬಳಿ 16, ಡೀಲರ್ ಬಳಿ 10 ಇದೆಯೆನ್ನಿ. ಇನ್ನೊಂದು ಎಲೆ ಕೇಳುವುದೇ ಸರಿ. ಆದರೂ ನಾಲ್ಕರಲ್ಲಿ ಸುಮಾರು ಮೂರು ಸಲ ಸೋಲುತ್ತೀರಿ; ಸುಮ್ಮನಿದ್ದರೆ ಸೋಲು ಇನ್ನೂ ಕೊಂಚ ಹೆಚ್ಚು.

ಕ್ಯಾಸಿನೊದ ಮೇಲುಗೈ ಇರುವುದು ಆಟದ ಸರದಿಯಲ್ಲಿ. ಮೊದಲು ಆಡುವವರು ನೀವು. 21 ದಾಟಿದ ಕೂಡಲೇ ಪಣ ಹೋಯಿತು. ಆಮೇಲೆ ಡೀಲರ್ 21 ದಾಟಿದರೂ ಅದು ಮರಳುವುದಿಲ್ಲ. ಇದನ್ನು ಯಾವ ಚಾರ್ಟೂ ಅಳಿಸಲಾರದು. ನಿಯಮಗಳು ಅನುಕೂಲಕರವಾಗಿರುವ ಮೇಜಿನಲ್ಲಿ ತಪ್ಪಿಲ್ಲದೆ ಆಡಿದರೆ ಕ್ಯಾಸಿನೊದ ಲಾಭ ಪಣದ ಸುಮಾರು ಶೇ 0.5ಕ್ಕೆ ಇಳಿಯುತ್ತದೆ, ಅಷ್ಟೇ. ಮೊದಲ ಎರಡೇ ಎಲೆಗಳಲ್ಲಿ 21 ಬಂದರೆ (ಅದಕ್ಕೂ ‘ಬ್ಲ್ಯಾಕ್‌ಜಾಕ್’ ಎಂದೇ ಹೆಸರು) ಪಣಕ್ಕೆ 3:2 ಬದಲು 6:5 ಕೊಡುವ ಮೇಜಿನಲ್ಲಿ ಅದಕ್ಕೆ ಸುಮಾರು ಶೇ 1.4 ಸೇರಿಕೊಳ್ಳುತ್ತದೆ. ಕಲಿಯುವವರು ಕೂರುವ ಮೊದಲು ಆ ಅನುಪಾತವನ್ನು ಓದಿಕೊಳ್ಳಲಿ.

‘ಇನ್ಶೂರೆನ್ಸ್ ಪಣ ಸುರಕ್ಷಿತ’ ಎಂಬುದೂ ಆ ಸಂದೇಶದಲ್ಲಿದೆ. ಡೀಲರ್‌ನ ತೆರೆದ ಎಲೆ ಏಸ್ ಆಗಿದ್ದಾಗ, ಮುಚ್ಚಿದ ಎಲೆ ಹತ್ತರ ಬೆಲೆಯದೆಂದು ಕಟ್ಟುವ ಪಣ ಅದು. ಅದರಲ್ಲಿ ನಷ್ಟ ತಪ್ಪಬೇಕಾದರೆ ಮೂರರಲ್ಲಿ ಒಂದು ಸಲ ಗೆಲ್ಲಬೇಕು. ಹತ್ತರ ಬೆಲೆಯ ಎಲೆಗಳು ಇರುವುದೇ 13ರಲ್ಲಿ 4. ಅದನ್ನು ಕಟ್ಟಬೇಡಿ ಎಂದೇ ಮೂಲ ತಂತ್ರ ಹೇಳುತ್ತದೆ.